ಥಾರ್ ಮರುಭೂಮಿಯಲ್ಲಿ ಶಿವರಾತ್ರಿ ಜಾಗರಣೆ

“ಅಜ್ಜ, ಅಲ್ಲಿಗೆ ಹೋಗಿ ಬರೀ ಅಜ್ಜಿಯನ್ನು ಒಂಟೆ ಮುಂದೆ ನಿಲ್ಲಿಸಿ ಫೋಟೊ ತೆಗೀಬೇಡ” ಎಂದು ಹೇಳಿ ನನ್ನ ಮೊಮ್ಮಗ ತನ್ನ ಕ್ಯಾಮೆರಾವನ್ನು ನನ್ನ ಕೈಗಿಟ್ಟ. ಒಂಬತ್ತನೇ ತರಗತಿಯ ಹುಡುಗ. ಹುಟ್ಟುಹಬ್ಬಕ್ಕೆ ಅವನಪ್ಪ ಕೊಡಿಸಿದ ಕ್ಯಾಮೆರಾ ಅದು, ಒಂದು ಲೆನ್ಸು ಗಿಡ್ಡ, ಒಂದು ಉದ್ದ. ಪರೀಕ್ಷೆ ಹತ್ತಿರ ಬಂದಿದ್ದರಿಂದ ಅವನು ನಮ್ಮ ಜೊತೆ ಬರುವ ಹಾಗಿರಲಿಲ್ಲ. ತಾನು ಬರಲಾಗದ ಸಿಟ್ಟನ್ನೆಲ್ಲ ನನಗೆ ಪಾಠ ಹೇಳಿಕೊಡುವುದರಲ್ಲಿ ತೀರಿಸಿಕೊಂಡ.

ನನಗೆ ಈಗ ಎಪ್ಪತ್ನಾಲ್ಕು. ಬಿ.ಕಾಂ. ಓದಿ, ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಈ ವಯಸ್ಸಿನಲ್ಲಿ ದಾವಣಗೆರೆಯಿಂದ ಜೈಸಲ್ಮೇರಿಗೆ ಹೊರಟದ್ದಕ್ಕೆ ಕಾರಣ ನನ್ನ ಕಣ್ಣು. ಕಳೆದ ದೀಪಾವಳಿ ಹೊತ್ತಿಗೆ ಬಾಗಿಲ ಚೌಕಟ್ಟಿಗೆ ಭುಜ ಬಡಿದುಕೊಳ್ಳುವುದು, ಪಕ್ಕದಲ್ಲಿಟ್ಟ ನೀರಿನ ಲೋಟ ಉರುಳಿಸುವುದು ಹೆಚ್ಚಾಗಿತ್ತು. ಡಾಕ್ಟರು ನೋಡಿ ಗ್ಲಾಕೋಮಾ ಎಂದರು. ಕಣ್ಣಿನ ಹಿಂದಿನ ನರ ಸವೆಯುವ ಕಾಯಿಲೆ. ಎದುರಿಗಿರುವುದು ಕಾಣುತ್ತದೆ, ಅಕ್ಕಪಕ್ಕದ್ದು ಮೆಲ್ಲಗೆ ಅಳಿಸಿಹೋಗುತ್ತದೆ. ನೋವಿಲ್ಲ, ಉರಿಯಿಲ್ಲ, ಹಾಗಾಗಿ ಗೊತ್ತೇ ಆಗುವುದಿಲ್ಲ. ಹೋದ ದೃಷ್ಟಿ ಮರಳಿ ಬರುವುದಿಲ್ಲ, ದಿನಾ ರಾತ್ರಿ ಔಷಧದ ಹನಿ ಹಾಕಿಕೊಂಡರೆ ಉಳಿದದ್ದನ್ನು ಕಾಪಾಡಿಕೊಳ್ಳಬಹುದು. (ನನ್ನ ವಯಸ್ಸಿನ ಓದುಗರು ದಯವಿಟ್ಟು ಕಣ್ಣಿನ ಒತ್ತಡ ಪರೀಕ್ಷೆ ಮಾಡಿಸಿಕೊಳ್ಳಿ. ಕನ್ನಡಕದ ಅಂಗಡಿಗೆ ಹೋಗಿ ಬಂದರೆ ಸಾಕು ಎಂದು ನಾನು ಹತ್ತು ವರ್ಷ ಸುಮ್ಮನಿದ್ದೆ.)

ಆ ರಾತ್ರಿ ಮಲಗಿಕೊಂಡು, ನೋಡಬೇಕೆಂದು ಆಸೆಯಿದ್ದೂ ನೋಡದೆ ಬಿಟ್ಟದ್ದು ಏನೇನು ಎಂದು ಲೆಕ್ಕ ಹಾಕಿದೆ. ಎರಡು ಸಿಕ್ಕವು.

ಮೊದಲನೆಯದು ಒಂದು ಹಕ್ಕಿ. 1982ರಲ್ಲಿ ನಾನು ಸಿರುಗುಪ್ಪ ತಾಲ್ಲೂಕಿನ ಒಂದು ಶಾಖೆಯಲ್ಲಿದ್ದೆ. ಬೆಳೆಸಾಲದ ಪರಿಶೀಲನೆಗೆ ಫೀಲ್ಡ್ ಆಫೀಸರ ಬೈಕಿನ ಹಿಂದೆ ಕುಳಿತು ಹಳ್ಳಿಗಳಿಗೆ ಹೋಗುತ್ತಿದ್ದೆ. ಒಂದು ದಿನ ಜೋಳದ ಹೊಲದ ಬದುವಿನ ಮೇಲೆ ನಿಂತಿದ್ದಾಗ ರೈತರೊಬ್ಬರು, “ಸಾಹೇಬ್ರೆ, ಅಲ್ ನೋಡ್ರಿ, ಎರೆಭೂತ!” ಎಂದು ಕೈ ತೋರಿಸಿದರು. ನಾನು ಸರ್ವೆ ನಂಬರು ಬರೆದುಕೊಳ್ಳುತ್ತಿದ್ದೆ. ತಲೆ ಎತ್ತುವಷ್ಟರಲ್ಲಿ ಅದು ಜೋಳದೊಳಗೆ ಹೋಗಿತ್ತು. “ಇರ್ಲಿ ಬಿಡ್ರಿ, ಇನ್ನೊಂದ್ಸಲ ನೋಡಿದ್ರಾಯ್ತು” ಅಂದೆ. ಇನ್ನೊಂದು ಸಲ ನಲವತ್ತು ವರ್ಷವಾದರೂ ಬರಲಿಲ್ಲ. ಎರೆಭೂತ ಎಂದರೆ ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್. ಒಂದು ಮೀಟರ್ ಎತ್ತರ, ಗಂಡು 15 ಕಿಲೋವರೆಗೂ ತೂಗುತ್ತದೆ. ಹಾರಬಲ್ಲ ಹಕ್ಕಿಗಳಲ್ಲಿ ಅತಿ ಭಾರದವುಗಳ ಸಾಲಿಗೆ ಸೇರಿದ್ದು. ರಾಷ್ಟ್ರಪಕ್ಷಿಯನ್ನು ಆರಿಸುವ ಕಾಲದಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರು ಇದರ ಪರವಾಗಿದ್ದರು. 1963ರಲ್ಲಿ ಪಟ್ಟ ನವಿಲಿಗೆ ಹೋಯಿತು. ಈಗ ಈ ಹಕ್ಕಿಗಳು ಲೋಕದಲ್ಲೆಲ್ಲ ಸೇರಿ ಸುಮಾರು ನೂರೈವತ್ತು ಮಾತ್ರ. ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಉಳಿದಿರುವ ಸುದ್ದಿ ಪತ್ರಿಕೆಯಲ್ಲಿ ಆಗಾಗ ಬರುತ್ತದೆ. ಆ ಬಡಪಾಯಿಗಳನ್ನು ಹುಡುಕಿಕೊಂಡು ಹೋಗಿ ಕಾಡುವುದು ಬೇಡ, ಹೆಚ್ಚಿನವು ಇರುವ ಜೈಸಲ್ಮೇರ್ ಜಿಲ್ಲೆಗೇ ಹೋಗೋಣ ಎಂದುಕೊಂಡೆ. (ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ನನಗೇ ತಿರುಗಿ ಬೀಳಲಿದೆ.)

ಎರಡನೆಯದು ಆಕಾಶಗಂಗೆ. ಚಿಕ್ಕಂದಿನಲ್ಲಿ ಬೇಸಿಗೆ ರಾತ್ರಿ ಹಳ್ಳಿಮನೆಯ ಮಾಳಿಗೆಯ ಮೇಲೆ ಮಲಗಿ ನೋಡಿದ್ದೇ ನೋಡಿದ್ದು. ಆಮೇಲೆ ಊರೂರಿಗೆ ಬೀದಿದೀಪ ಬಂತು. ಆಕಾಶಗಂಗೆ ಯಾವ ವರ್ಷ ಕಾಣದಾಯಿತು ಎಂದು ನನಗೆ ನೆನಪೇ ಇಲ್ಲ.

ನಕ್ಷತ್ರ ನೋಡಬೇಕಾದರೆ ಅಮಾವಾಸ್ಯೆಯ ಆಸುಪಾಸು ಹೋಗಬೇಕು. ಪಂಚಾಂಗ ತೆಗೆದು ನೋಡಿದರೆ ಶಿವರಾತ್ರಿ. ಶಿವರಾತ್ರಿ ಯಾವಾಗಲೂ ಮಾಘ ಬಹುಳ ಚತುರ್ದಶಿ, ಮರುದಿನವೇ ಅಮಾವಾಸ್ಯೆ. ನನ್ನ ಶ್ರೀಮತಿ ಒಂದೇ ಮಾತಿನಲ್ಲಿ ಒಪ್ಪಿದಳು. “ಹೆಂಗೂ ಜಾಗರಣೆ ಮಾಡ್ಬೇಕಲ್ರೀ. ಟಿ.ವಿ. ಮುಂದೆ ತೂಕಡಿಸೋ ಬದ್ಲು ಅಲ್ಲೇ ಮಾಡೋಣ.”

ಹೊರಡುವ ಮೊದಲು ಮೊಮ್ಮಗ ಕಲಿಸಿದ ಲೆಕ್ಕ ಒಂದನ್ನು ಹೇಳಲೇಬೇಕು, ಏಕೆಂದರೆ ನನಗೆ ಪೂರ್ತಿ ಅರ್ಥವಾದ ಪಾಠ ಅದೊಂದೇ. ರಾತ್ರಿ ಆಕಾಶದ ಫೋಟೊ ತೆಗೆಯಲು ಕ್ಯಾಮೆರಾದ ಕಣ್ಣನ್ನು ಬಹಳ ಹೊತ್ತು ತೆರೆದಿಡಬೇಕು. ಆದರೆ ಭೂಮಿ ತಿರುಗುತ್ತಲೇ ಇರುತ್ತದಲ್ಲ? 24 ಗಂಟೆಗೆ 360 ಡಿಗ್ರಿ, ಅಂದರೆ ಗಂಟೆಗೆ 15 ಡಿಗ್ರಿ, 4 ನಿಮಿಷಕ್ಕೆ 1 ಡಿಗ್ರಿ. ಹೆಚ್ಚು ಹೊತ್ತು ತೆರೆದಿಟ್ಟರೆ ನಕ್ಷತ್ರ ಚುಕ್ಕೆಯಾಗಿ ಉಳಿಯದೆ ಗೆರೆಯಾಗುತ್ತದೆ. ಎಷ್ಟು ಸೆಕೆಂಡು ಇಡಬಹುದು? 500ನ್ನು ಲೆನ್ಸಿನ ಮಿಲಿಮೀಟರಿನಿಂದ ಭಾಗಿಸಬೇಕು. ನಮ್ಮದು ಚಿಕ್ಕ ಸೆನ್ಸರಿನ ಕ್ಯಾಮೆರಾ ಆದ್ದರಿಂದ ಮಿಲಿಮೀಟರನ್ನು ಮೊದಲು 1.5ರಿಂದ ಗುಣಿಸಿಕೊಳ್ಳಬೇಕು. 18 ಮಿ.ಮೀ. ಲೆನ್ಸಾದರೆ 18×1.5=27. 500÷27 ಎಂದರೆ ಹದಿನೆಂಟೂವರೆ. ಹದಿನೆಂಟು ಸೆಕೆಂಡು ಇಟ್ಟುಕೊಳ್ಳಿ. ಬಡ್ಡಿ ಲೆಕ್ಕದಷ್ಟೇ ಸುಲಭ ಎಂದೆ. “ಬಡ್ಡಿ ಲೆಕ್ಕ ಸುಲಭ ಅಂತ ನಿನಗೆ ಯಾರು ಹೇಳಿದ್ರು ಅಜ್ಜ?” ಎಂದ.

ರೈಲಿನಲ್ಲಿ ಜೋಧಪುರ, ಅಲ್ಲಿಂದ ಇನ್ನೊಂದು ರೈಲಿನಲ್ಲಿ ಜೈಸಲ್ಮೇರ್. ಹಳದಿ ಕಲ್ಲಿನ ಕೋಟೆ ಚೆನ್ನಾಗಿದೆ. ಅದರ ಬಗ್ಗೆ ಬರೆದವರು ಬಹಳ ಜನ ಇರುವುದರಿಂದ ನಾನು ಬಿಡುತ್ತೇನೆ. ಪ್ರವಾಸಿಗಳು ಹೆಚ್ಚಾಗಿ ಹೋಗುವ ಸಮ್ ಎಂಬಲ್ಲಿ ಮರಳು ದಿಬ್ಬಗಳಿವೆ, ಆದರೆ ಸಾಲುಸಾಲು ಟೆಂಟು, ಬಣ್ಣದ ದೀಪ, ರಾತ್ರಿಯೆಲ್ಲ ಹಾಡು. ನಕ್ಷತ್ರಕ್ಕೆ ಅದು ಆಗುವುದಿಲ್ಲ. ನಾವು ಖೂರಿ ಎಂಬ ಹಳ್ಳಿಯಲ್ಲಿ ಮಣ್ಣುಗೋಡೆಯ, ಹುಲ್ಲು ಹೊದಿಸಿದ ದುಂಡನೆಯ ಗುಡಿಸಲೊಂದರಲ್ಲಿ ಉಳಿದೆವು. ನಮ್ಮನ್ನು ಜೀಪಿನಲ್ಲಿ ಸುತ್ತಾಡಿಸಿದ್ದು ಅದೇ ಮನೆಯ ಹುಡುಗ, ಇಪ್ಪತ್ತೈದರ ಪ್ರಾಯ. ನನ್ನನ್ನು ಬಾಬೂಜಿ, ಇವಳನ್ನು ಮಾಜಿ ಎನ್ನುತ್ತಿದ್ದ. ನಾವು ಬೇಟಾ ಎನ್ನುತ್ತಿದ್ದೆವು. ಬ್ಯಾಂಕಿನ ಟ್ರಾನ್ಸ್‌ಫರ್‌ಗಳಿಂದ ನನಗೆ ಬಂದ ಲಾಭವೆಂದರೆ ಅಷ್ಟಿಷ್ಟು ಹಿಂದಿ.

ಮಕ್ಕಳೇ, ಮರುಭೂಮಿ ಎಂದರೆ ಬರೀ ಮರಳು ಎಂದು ನಾನೂ ತಿಳಿದಿದ್ದೆ. ಹಾಗಿಲ್ಲ. ಜೈಸಲ್ಮೇರಿನ ಬಳಿಯ ಮರುಭೂಮಿ ರಾಷ್ಟ್ರೀಯ ಉದ್ಯಾನ 3,162 ಚದರ ಕಿಲೋಮೀಟರ್ ಇದೆ. ಅದರಲ್ಲಿ ಮರಳು ದಿಬ್ಬ ಐದರಲ್ಲೊಂದು ಪಾಲು ಇದ್ದೀತು. ಉಳಿದದ್ದು ಕಲ್ಲುಗೊರಚು, ಗಟ್ಟಿ ನೆಲ, ಸೇವಣ್ ಎಂಬ ಹುಲ್ಲಿನ ಬಯಲು. ವರ್ಷಕ್ಕೆ 200 ಮಿಲಿಮೀಟರ್ ಮಳೆ ಬಂದರೆ ಹಬ್ಬ. ಇವಳು ಜೀಪಿನಿಂದ ಇಳಿದ ಕೂಡಲೇ ಮಾಡಿದ ಕೆಲಸ ಗಿಡ ಗುರುತಿಸುವುದು. “ರೀ, ಇದು ಎಕ್ಕ. ಅದು ನೋಡ್ರಿ, ನಮ್ಮ ಬನ್ನಿ!” ನಿಜವಾಗಿಯೂ ಬನ್ನಿಯೇ. ಅಲ್ಲಿ ಅದಕ್ಕೆ ಖೇಜ್ರಿ ಎನ್ನುತ್ತಾರೆ, ರಾಜಸ್ಥಾನದ ರಾಜ್ಯವೃಕ್ಷ. ನಾವು ವಿಜಯದಶಮಿ ದಿನ ಎಲೆ ಹಂಚಿ ಬಂಗಾರ ಎನ್ನುತ್ತೇವೆ. ಅವರು ಅದರ ಕಾಯಿಯನ್ನು ಒಣಗಿಸಿ ಪಲ್ಯ ಮಾಡುತ್ತಾರೆ, ಸೊಪ್ಪನ್ನು ಮೇಕೆಗೆ ಹಾಕುತ್ತಾರೆ. 1730ರಲ್ಲಿ ಜೋಧಪುರದ ಹತ್ತಿರದ ಖೇಜಡ್ಲಿ ಎಂಬ ಹಳ್ಳಿಯಲ್ಲಿ ಅರಮನೆ ಕೆಲಸಕ್ಕೆಂದು ಈ ಮರ ಕಡಿಯಲು ಬಂದಾಗ, ಅಮೃತಾದೇವಿ ಎಂಬ ಬಿಷ್ಣೋಯಿ ಹೆಂಗಸು ಮರ ತಬ್ಬಿ ನಿಂತು ಪ್ರಾಣ ಬಿಟ್ಟಳು. ಅವಳೂ ಸೇರಿ ಒಬ್ಬೊಬ್ಬರಾಗಿ 363 ಜನ. ಆ ಕಥೆ ಕೇಳಿದ ಮೇಲೆ ಇವಳು ಬನ್ನಿಯ ಕೆಳಗೆ ಚಪ್ಪಲಿ ಹಾಕಿಕೊಂಡು ನಿಲ್ಲಲಿಲ್ಲ.

ಮೊದಲ ದಿನದ ಫೋಟೊಗಳ ಲೆಕ್ಕ ಒಪ್ಪಿಸುತ್ತೇನೆ. ಚಿಂಕಾರ ಎಂಬ ಸಣ್ಣ ಜಿಂಕೆಯ ಹಿಂಭಾಗ: ಹದಿನಾಲ್ಕು. ಚಿಂಕಾರ ನಮ್ಮಲ್ಲೂ ಇದೆ, ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಯಲ್ಲಿ ಅದಕ್ಕಾಗಿಯೇ ಅಭಯಾರಣ್ಯವಿದೆ. ನರಿಯ ಬಾಲ: ಮೂರು. ಬಾಲ ಸಿಕ್ಕಿದ್ದೂ ಒಳ್ಳೆಯದೇ ಆಯಿತು. ಮರುಭೂಮಿ ನರಿಯ ಬಾಲದ ತುದಿ ಬಿಳಿ, ನಮ್ಮ ಬಯಲುಸೀಮೆಯ ಸಣ್ಣ ನರಿಯದು ಕಪ್ಪು. ಗುರುತು ಹಿಡಿಯುವುದೇ ಬಾಲದಿಂದ. ಇನ್ನೊಂದು ಫೋಟೊದಲ್ಲಿ ಇರುವುದು ಬರೀ ಮಣ್ಣು. ಅದು ಮುಳ್ಳುಬಾಲದ ಹಲ್ಲಿಯ ಬಿಲ. ಸಸ್ಯಾಹಾರಿ ಹಲ್ಲಿ, ಚಳಿಗಾಲದಲ್ಲಿ ಬಿಲದ ಬಾಯಿಗೆ ಮಣ್ಣು ಮುಚ್ಚಿಕೊಂಡು ಒಳಗೇ ಮಲಗಿರುತ್ತದೆ. ಮುಚ್ಚಿದ ಬಾಗಿಲಿನ ಫೋಟೊ ತೆಗೆದುಕೊಂಡು ಬಂದೆ.

ಸಂಜೆ ಹುಡುಗ ಒಂದು ಬುದ್ಧಿ ಹೇಳಿದ. “ಬಾಬೂಜಿ, ನೀವು ಪ್ರಾಣಿಯ ಕಡೆ ಹೋಗಬೇಡಿ. ಕೂತಿರಿ. ಅದು ತನ್ನ ದಾರಿಯಲ್ಲಿ ಬರುತ್ತದೆ.” ಜೀಪನ್ನು ಒಂದು ಪೊದೆಯ ಮರೆಗೆ ನಿಲ್ಲಿಸಿ, ಎಂಜಿನ್ ಆರಿಸಿ, ಮುಕ್ಕಾಲು ಗಂಟೆ ಕುಳಿತೆವು. ಪ್ರಾಣಿಗೆ ಜೀಪು ಹೆದರಿಕೆಯಲ್ಲ, ಅದರಿಂದ ಇಳಿಯುವ ಮನುಷ್ಯನ ಆಕಾರ ಹೆದರಿಕೆ. ಕೊನೆಗೆ ನರಿ ತಾನಾಗಿಯೇ ಬಂದು, ನಮ್ಮನ್ನು ನೋಡಿ, ಕುಳಿತು ಕಿವಿ ಕೆರೆದುಕೊಂಡಿತು. ಇಳಿಬಿಸಿಲು ಅದರ ಮೈಗೂದಲಿನೊಳಗೆ ಹೊಕ್ಕಿತ್ತು. ಕ್ಯಾಮೆರಾವನ್ನು ಜೀಪಿನ ಬಾಗಿಲ ಮೇಲೆ ಮಡಿಸಿದ ಟವೆಲಿನ ಮೇಲಿಟ್ಟು ಒತ್ತಿದೆ. ನಮ್ಮ ಪ್ರವಾಸದ ಒಳ್ಳೆಯ ಫೋಟೊ ಅದೇ.

ಅಷ್ಟು ಪಾಠ ಕಲಿತ ಮೇಲೂ ಮರುದಿನ ನಾನು ಮಾಡಿದ್ದೇನು ಕೇಳಿ.

ಶಿವರಾತ್ರಿಯ ಬೆಳಿಗ್ಗೆ. ಇವಳು ಎಕ್ಕದ ಹೂ ಕಿತ್ತು ಒಂದು ಚಪ್ಪಟೆ ಕಲ್ಲಿಗೆ ಏರಿಸಿ ಕೈಮುಗಿದು ಬಂದಿದ್ದಳು, ಉಪವಾಸ. ಉದ್ಯಾನದ ಬೇಲಿಯ ಹೊರಗೆ ಹುಲ್ಲುಬಯಲಿನ ಗಾಡಿದಾರಿಯಲ್ಲಿ ಹೋಗುತ್ತಿದ್ದೆವು. ಹುಡುಗ ಜೀಪು ನಿಲ್ಲಿಸಿ ಪಿಸುಗುಟ್ಟಿದ. “ಗೋಡಾವಣ್.” ಎರೆಭೂತಕ್ಕೆ ಅಲ್ಲಿನ ಹೆಸರು, ಆ ರಾಜ್ಯದ ಪಕ್ಷಿ.

ನನಗೆ ಕಾಣಲಿಲ್ಲ. ಇವಳು ಹಿಂದಿನಿಂದ ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಎಡಕ್ಕೆ ತಿರುಗಿಸಿದಳು. ಆಗ ಸಿಕ್ಕಿತು. ಸುಮಾರು ಇನ್ನೂರು ಮೀಟರ್ ದೂರದಲ್ಲಿ, ಹುಲ್ಲಿನ ಮೇಲೆ ಬಿಳಿ ಕತ್ತು, ಅದರ ಮೇಲೆ ಕಪ್ಪು ಟೋಪಿ. ನಿಧಾನವಾಗಿ ಹೆಜ್ಜೆಯಿಡುತ್ತಿತ್ತು. ನಮ್ಮ ಹಳೇ ಹೆಡ್‌ಮಾಸ್ಟರು ಪರೀಕ್ಷೆಯ ಹಾಲಿನಲ್ಲಿ ಓಡಾಡುತ್ತಿದ್ದ ಹಾಗೆ, ತಲೆ ಮೇಲೆತ್ತಿ, ಯಾರನ್ನೂ ನೋಡದವರಂತೆ ಎಲ್ಲರನ್ನೂ ನೋಡುತ್ತ. ನಲವತ್ತು ವರ್ಷದ ಬಾಕಿ ಅಲ್ಲಿ ನಿಂತಿತ್ತು.

ಅಷ್ಟಕ್ಕೆ ತೃಪ್ತಿಪಡಬೇಕಿತ್ತು. ಕ್ಯಾಮೆರಾದಲ್ಲಿ ಅದು ಅಕ್ಕಿಕಾಳಿನಷ್ಟಿತ್ತು. ಇನ್ನು ಇಪ್ಪತ್ತು ಹೆಜ್ಜೆ ಹೋದರೆ ಸಾಕು ಅನ್ನಿಸಿತು. “ಇಳಿಯಬೇಡಿ ಬಾಬೂಜಿ” ಎಂದು ಹುಡುಗ ಹೇಳಿದ್ದು ಕೇಳಿಸಿತು. ಕೇಳಿಸಿಯೂ ಇಳಿದೆ.

ಹಕ್ಕಿ ನಿಂತಿತು. ಎರಡು ಹೆಜ್ಜೆ ಓಡಿತು, ದೊಡ್ಡ ರೆಕ್ಕೆ ಬಿಚ್ಚಿ ಎದ್ದಿತು. ಅಷ್ಟು ಭಾರದ ಮೈ ಏಳುವುದನ್ನು ನೋಡಿದರೆ ತುಂಬಿದ ಮೂಟೆ ಹೊತ್ತು ಮೆಟ್ಟಿಲು ಹತ್ತುವವರ ನೆನಪಾಗುತ್ತದೆ. ನಾನು ಒತ್ತುತ್ತಲೇ ಇದ್ದೆ. ಆಗ ಹಿಂದಿನಿಂದ ಹುಡುಗ ಉಸಿರೆಳೆದುಕೊಂಡ. “ತಾರ್!”

ತಂತಿ. ಹಕ್ಕಿ ಹೋಗುತ್ತಿದ್ದ ಕಡೆ ವಿದ್ಯುತ್ ಕಂಬಗಳ ಸಾಲಿತ್ತು. ನಾನು ಅದನ್ನು ನೋಡಿಯೇ ಇರಲಿಲ್ಲ, ಅದು ನನ್ನ ನೋಟದ ಅಂಚಿನ ಆಚೆಗಿತ್ತು. ಕ್ಯಾಮೆರಾ ಇಳಿಸಿ ಹುಡುಕಿದರೆ ಹಕ್ಕಿಯೂ ಕಾಣದು, ತಂತಿಯೂ ಕಾಣದು, ಬರೀ ಬಿಳಿ ಆಕಾಶ. “ಏನಾಯ್ತು? ಏನಾಯ್ತೇ?” ಎಂದು ಕೇಳಿದೆ. ಇವಳು ಮಾತಾಡಲಿಲ್ಲ. ಜೀವಮಾನದಲ್ಲಿ ನಾನು ಅಷ್ಟು ಉದ್ದದ ಮೌನ ಕೇಳಿಲ್ಲ. ಕ್ಯಾಷ್‌ನಲ್ಲಿ ಐವತ್ತು ಸಾವಿರ ಕಡಿಮೆ ಬಂದು ರಾತ್ರಿ ಹತ್ತರವರೆಗೆ ಎಣಿಸಿದ ದಿನವೂ ಹಾಗಾಗಿರಲಿಲ್ಲ.

“ದಾಟ್ತು” ಎಂದಳು ಕೊನೆಗೆ. “ತಂತಿ ಮೇಲೆ ಹೋಯ್ತು.”

ಹುಡುಗ ಅರ್ಧ ಗಂಟೆ ಏನೂ ಮಾತಾಡದೆ ಜೀಪು ಓಡಿಸಿದ. “ತಪ್ಪಾಯ್ತು ಬೇಟಾ” ಎಂದೆ. “ನನಗೆ ಯಾಕೆ ಹೇಳ್ತೀರಿ ಬಾಬೂಜಿ” ಎಂದ.

ಆಮೇಲೆ ಚಹಾ ಅಂಗಡಿಯಲ್ಲಿ ಅವನೇ ವಿವರಿಸಿದ, ಮನೆಗೆ ಬಂದ ಮೇಲೆ ನಾನೂ ಓದಿದೆ. ಬಸ್ಟರ್ಡ್ ಜಾತಿಯ ಹಕ್ಕಿಗಳ ಕಣ್ಣು ತಲೆಯ ಎರಡು ಪಕ್ಕಕ್ಕಿವೆ. ಅಕ್ಕಪಕ್ಕದಿಂದ ಬರುವ ವೈರಿ ಚೆನ್ನಾಗಿ ಕಾಣುತ್ತಾನೆ. ಮುಂದಿನ ನೋಟ ಮಾತ್ರ ಬಹಳ ಕಿರಿದು. ಹಾರುವಾಗ ತಲೆ ತಗ್ಗಿಸಿ ನೆಲ ನೋಡಿದರಂತೂ ಎದುರಿನದು ಕಾಣುವುದೇ ಇಲ್ಲ. ತಂತಿ ಕಂಡರೂ ಅಷ್ಟು ಭಾರದ ಮೈಯನ್ನು ಥಟ್ಟನೆ ತಿರುಗಿಸಲು ಆಗುವುದಿಲ್ಲ. ಥಾರ್‌ನಲ್ಲಿ ಈಗ ಈ ಹಕ್ಕಿಗಳ ಸಾವಿಗೆ ದೊಡ್ಡ ಕಾರಣ ವಿದ್ಯುತ್ ತಂತಿ. ಹೆಣ್ಣು ಸಾಮಾನ್ಯವಾಗಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ, ಅದೂ ಬರಿ ನೆಲದ ಮೇಲೆ. ಒಂದು ಸತ್ತರೆ ಆ ಜಾಗ ತುಂಬಲು ವರ್ಷಗಳೇ ಬೇಕು.

ನನಗೆ ಎದುರಿನದು ಕಾಣುತ್ತದೆ, ಪಕ್ಕದ್ದು ಕಾಣುವುದಿಲ್ಲ. ಅದಕ್ಕೆ ಪಕ್ಕದ್ದು ಕಾಣುತ್ತದೆ, ಎದುರಿನದು ಕಾಣುವುದಿಲ್ಲ. ಇಬ್ಬರೂ ಒಂದೇ ಬಯಲಿನಲ್ಲಿ ಅವತ್ತು ಎದುರಾದೆವು.

ತಂತಿ ಹಾಕಿದವರನ್ನು ಬೈದುಬಿಡುವುದು ಸುಲಭ. ಆ ತಂತಿಗಳಲ್ಲಿ ಬಹಳಷ್ಟು ಬರುವುದು ಗಾಳಿಯಂತ್ರ, ಸೌರಫಲಕಗಳಿಂದ. ಹೊಗೆಯಿಲ್ಲದ ಕರೆಂಟು. ನಮ್ಮ ಮನೆಯ ಮೇಲೂ ಸೋಲಾರ್ ಹೀಟರ್ ಇದೆ, ಅದರ ಬಗ್ಗೆ ನಾನು ಬೀದಿಯಲ್ಲೆಲ್ಲ ಹೇಳಿಕೊಂಡಿದ್ದೇನೆ. ಎರೆಭೂತ ಇರುವ ಕಡೆ ತಂತಿಗಳನ್ನು ನೆಲದೊಳಗೆ ಹಾಕಬೇಕು, ಆಗದ ಕಡೆ ಹಕ್ಕಿಗೆ ದೂರದಿಂದಲೇ ಕಾಣುವ ಬಿಲ್ಲೆಗಳನ್ನು ತೂಗುಹಾಕಬೇಕು ಎಂದು ಸುಪ್ರೀಂ ಕೋರ್ಟು 2021ರಲ್ಲಿ ಹೇಳಿತ್ತು. ಎಲ್ಲ ಕಡೆ ನೆಲದೊಳಗೆ ಹಾಕುವುದು ಕಷ್ಟ ಎಂಬ ವಾದ ಬಂದು, 2024ರಲ್ಲಿ ಅದನ್ನು ತಜ್ಞರ ಸಮಿತಿಗೆ ಒಪ್ಪಿಸಿತು. ನಾವು ನೋಡಿದ ಸಾಲಿನಲ್ಲಿ ಕೆಲವು ಕಂಬಗಳ ನಡುವೆ ಬಿಲ್ಲೆಗಳಿದ್ದವು, ಕೆಲವುಗಳ ನಡುವೆ ಇರಲಿಲ್ಲ. ಇತ್ತ ಸಮ್‌ನಲ್ಲಿ 2019ರಿಂದ ಕಾಡಿನ ಮೊಟ್ಟೆಗಳನ್ನು ತಂದು ಮರಿಮಾಡಿಸಿ ಸಾಕುವ ಕೇಂದ್ರ ನಡೆಯುತ್ತಿದೆ. ಅಲ್ಲಿ ಮರಿಗಳು ಬೆಳೆದು, ಅವೂ ಮರಿ ಮಾಡಿವೆ. ಈ ಸಂಗತಿ ಹೇಳುವಾಗ ಹುಡುಗನ ಮುಖ ಸ್ವಲ್ಪ ಅರಳಿತು.

ರಾತ್ರಿ ಎಂಟು ಗಂಟೆ. ಹಳ್ಳಿಯಿಂದ ಒಂದೂವರೆ ಕಿಲೋಮೀಟರ್ ಆಚೆ ದಿಬ್ಬದ ಕೆಳಗೆ ಎರಡು ಹಗ್ಗದ ಮಂಚ ಹಾಕಿಸಿಕೊಂಡೆವು. ಚಳಿ. ಇವಳು ಸ್ವೆಟರಿನ ಮೇಲೆ ಶಾಲು, ಶಾಲಿನ ಮೇಲೆ ಕಂಬಳಿ ಹೊದ್ದು ಕುಳಿತಳು. ಟಾರ್ಚಿಗೆ ಮೂರು ಪದರ ಕೆಂಪು ಬಣ್ಣದ ಗಾಜುಕಾಗದ ಸುತ್ತಿ ರಬ್ಬರ್‌ಬ್ಯಾಂಡ್ ಹಾಕಿದ್ದೆ. ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು, ಒಮ್ಮೆ ಬಿಳಿ ಬೆಳಕು ಬಿದ್ದರೆ ಮತ್ತೆ ಮೊದಲಿನಿಂದ ಕಾಯಬೇಕು. ಮಂದ ಕೆಂಪು ಬೆಳಕು ಅಷ್ಟು ಕೆಡಿಸುವುದಿಲ್ಲ. ಮೊಬೈಲನ್ನು ಇವಳು ಬಟ್ಟೆಯಲ್ಲಿ ಸುತ್ತಿ ಚೀಲದ ತಳಕ್ಕೆ ಹಾಕಿದಳು.

ಮೊದಲು ಧ್ರುವ. ಮಕ್ಕಳೇ, ಇದನ್ನು ನೀವೂ ಮಾಡಬಹುದು. ಕೈ ನೇರವಾಗಿ ಮುಂದಕ್ಕೆ ಚಾಚಿ ಮುಷ್ಟಿ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ. ಮುಷ್ಟಿಯ ಅಗಲ ಆಕಾಶದಲ್ಲಿ ಸುಮಾರು 10 ಡಿಗ್ರಿ. ನಿಮ್ಮ ಮುಷ್ಟಿ ಚಿಕ್ಕದು, ತೋಳೂ ಚಿಕ್ಕದು, ಹಾಗಾಗಿ ನಿಮಗೂ ಲೆಕ್ಕ ಹೊಂದುತ್ತದೆ. ಉತ್ತರಕ್ಕೆ ತಿರುಗಿ ದಿಗಂತದಿಂದ ಮುಷ್ಟಿಯ ಮೇಲೆ ಮುಷ್ಟಿ ಇಡುತ್ತ ಹೋದರೆ, ಧ್ರುವ ಎಷ್ಟು ಡಿಗ್ರಿ ಎತ್ತರದಲ್ಲಿ ಸಿಗುತ್ತಾನೋ ಅದೇ ನೀವು ನಿಂತ ಊರಿನ ಅಕ್ಷಾಂಶ. ದಾವಣಗೆರೆಯ ಅಕ್ಷಾಂಶ ಹದಿನಾಲ್ಕೂವರೆ, ಅಲ್ಲಿ ಧ್ರುವ ಒಂದೂವರೆ ಮುಷ್ಟಿ. ಜೈಸಲ್ಮೇರಿನದು ಸುಮಾರು 27. ಅಳೆದೆ. ಮೂರು ಮುಷ್ಟಿಗೆ ಸ್ವಲ್ಪ ಕಡಿಮೆ. ಎರಡು ರಾತ್ರಿ ರೈಲಿನಲ್ಲಿ ಕುಳಿತು ಬಂದ ದೂರವನ್ನು ನನ್ನ ಕೈಯೇ ಹೇಳಿತು.

ಧ್ರುವ ಮೇಲೇರಿದರೆ ದಕ್ಷಿಣದವರು ಕೆಳಗಿಳಿಯಲೇಬೇಕಲ್ಲ. ಒಂಬತ್ತು ಗಂಟೆ ಸುಮಾರಿಗೆ ದಕ್ಷಿಣಕ್ಕೆ ತಿರುಗಿದರೆ ಅಗಸ್ತ್ಯ ನಕ್ಷತ್ರ ದಿಗಂತದಿಂದ ಒಂದೇ ಮುಷ್ಟಿ ಮೇಲೆ ಮಿನುಗುತ್ತಿತ್ತು. ನಮ್ಮೂರಿನಲ್ಲಿ ಅದು ಎರಡು ಮುಷ್ಟಿಗೂ ಮೇಲೆ. ವಿಂಧ್ಯವನ್ನು ಬಗ್ಗಿಸಿ ದಕ್ಷಿಣಕ್ಕೆ ಹೋದ ಅಗಸ್ತ್ಯರು ಮರಳಿ ಬರಲಿಲ್ಲ ಎಂಬ ಕಥೆ ಗೊತ್ತಲ್ಲ? ವಿಂಧ್ಯದ ಈಚೆ ನಿಂತು ನೋಡಿದಾಗ ಆ ಕಥೆ ಹೊಸದಾಗಿ ಕೇಳಿದ ಹಾಗಾಯಿತು.

ಇವಳದು ರೈತರ ಮನೆ. ರೋಹಿಣಿ ಮಳೆ, ಮೃಗಶಿರ ಮಳೆ, ಆರಿದ್ರ ಮಳೆ ಎಂದು ಮಳೆಗಳ ಹೆಸರೆಲ್ಲ ಬಾಯಿಪಾಠ. ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೋ ಆ ಹೆಸರಿನ ಮಳೆ. ಆದರೆ ಆ ನಕ್ಷತ್ರಗಳನ್ನು ಅವಳು ಒಂದೊಂದಾಗಿ ಗುರುತಿಸಿ ನೋಡಿರಲಿಲ್ಲ. ಮಹಾವ್ಯಾಧನ ಮೂರು ಚುಕ್ಕೆಯ ನಡುಪಟ್ಟಿ ತೋರಿಸಿ, ಅಲ್ಲಿಂದ ಕೆಂಪಗಿನ ರೋಹಿಣಿ, ಅದರಾಚೆ ಕೃತ್ತಿಕೆಯ ಗೊಂಚಲು, ಮೇಲೆ ಮೃಗಶಿರ, ಇತ್ತ ಕೆಂಪು ಆರ್ದ್ರಾ ಎಂದು ತೋರಿಸಿದೆ. ಇಷ್ಟೂ ಪ್ರಕಾಶದವು, ನನಗೂ ಕಂಡವು. “ಮಳೆಗಳೆಲ್ಲ ಇಲ್ಲೇ ಇದಾವಲ್ರೀ, ಮಳೆಯಿಲ್ಲದ ಊರಿನ ಮೇಲೆ” ಎಂದಳು. ಆರ್ದ್ರಾ ನಕ್ಷತ್ರದ ದೇವತೆ ರುದ್ರ. ಅಲ್ಲೇ ಕೈಮುಗಿದಳು. ಕೃತ್ತಿಕೆಯಲ್ಲಿ ಅವಳು ಏಳು ಎಣಿಸಿದಳು, ನಾನು ಐದು.

ಆಕಾಶಗಂಗೆ ಮಾತ್ರ ನನಗೆ ಸಿಗಲಿಲ್ಲ. ಮಸುಕಾದದ್ದನ್ನು ಕತ್ತಲಲ್ಲಿ ನೋಡಬೇಕಾದರೆ ನೇರವಾಗಿ ನೋಡಬಾರದು, ಸ್ವಲ್ಪ ಪಕ್ಕಕ್ಕೆ ದೃಷ್ಟಿಯಿಟ್ಟು ಓರೆಗಣ್ಣಿನಲ್ಲಿ ಹಿಡಿಯಬೇಕು. ಮಂದ ಬೆಳಕನ್ನು ಹಿಡಿಯುವ ಶಕ್ತಿ ಇರುವುದು ಕಣ್ಣಿನ ಪಕ್ಕದ ಭಾಗಕ್ಕೆ. ನನ್ನಲ್ಲಿ ಸವೆದಿರುವುದು ಆ ಭಾಗವೇ. “ಎಲ್ಲಿದೆ?” ಎಂದೆ. ಅವಳು ನೋಡಿ ಹೇಳಿದಳು. “ಮಜ್ಜಿಗೆ ಕುಡಿದಿಟ್ಟ ಲೋಟದೊಳಗೆ ತೆಳ್ಳಗೆ ಅಂಟ್ಕೊಂಡಿರುತ್ತಲ್ಲ, ಹಂಗಿದೆ. ಆ ಮೂಲೆಯಿಂದ ಈ ಮೂಲೆವರೆಗೂ.” ಚಳಿಗಾಲದ ಸಂಜೆ ಕಾಣುವುದು ಆಕಾಶಗಂಗೆಯ ತೆಳು ಭಾಗ. ದಟ್ಟ ಭಾಗ ಮೂಡುವುದು ಬೆಳಗಿನ ಜಾವಕ್ಕೆ. ಅದಕ್ಕೆ ಕಾಯೋಣ ಎಂದುಕೊಂಡೆವು.

ಕಾಯುವ ಹೊತ್ತಿನಲ್ಲಿ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕಿ ಧ್ರುವನ ಕಡೆ ತಿರುಗಿಸಿ, ಒಂದರ ಹಿಂದೆ ಒಂದರಂತೆ ಎರಡು ಗಂಟೆ ಫೋಟೊ ತೆಗೆಯಲು ಬಿಟ್ಟೆ. ಕತ್ತಲಲ್ಲಿ ಕ್ಯಾಮೆರಾ ತಾನಾಗಿ ಫೋಕಸ್ ಮಾಡುವುದಿಲ್ಲ, ಪ್ರಕಾಶದ ನಕ್ಷತ್ರವೊಂದನ್ನು ಪರದೆಯಲ್ಲಿ ದೊಡ್ಡದು ಮಾಡಿ ಅದು ಸಣ್ಣ ಚುಕ್ಕೆಯಾಗುವವರೆಗೆ ಕೈಯಲ್ಲೇ ತಿರುಗಿಸಬೇಕು. ಆ ಕೆಲಸ ಇವಳದಾಯಿತು. ಸೂಜಿಗೆ ದಾರ ಪೋಣಿಸಿದ ಕೈ. ಮರಳು ಹೋಗದಂತೆ ಕ್ಯಾಮೆರಾಕ್ಕೆ ಪ್ಲಾಸ್ಟಿಕ್ ಚೀಲ ತೊಡಿಸಿದವಳೂ ಅವಳೇ. ನಡುವೆ ಅವಳು ಶಿವನ ಹಾಡು ಹೇಳಿಕೊಂಡಳು, ನಾನು ಮೂರು ಸಲ ತೂಕಡಿಸಿದೆ. ದೂರದಲ್ಲಿ ಯಾವುದೋ ನಾಯಿ ಬೊಗಳಿ ಸುಮ್ಮನಾಯಿತು.

ಐದು ಗಂಟೆಗೆ ಅಲ್ಲಾಡಿಸಿ ಎಬ್ಬಿಸಿದಳು. ಆಗ್ನೇಯದಲ್ಲಿ ವೃಶ್ಚಿಕ ಮೇಲೆ ಬಂದಿತ್ತು. ಅದರ ಎದೆಯ ಕೆಂಪು ಜ್ಯೇಷ್ಠಾ ನನಗೆ ಕಂಡಿತು. ಅದರ ಪಕ್ಕದಿಂದ ಏನೋ ಎದ್ದಂತಿತ್ತು, ಇಲ್ಲದಂತೆಯೂ ಇತ್ತು. ಇವಳು ಮಾತಾಡದೆ ನಿಂತಿದ್ದಳು. ನಾನು ಕ್ಯಾಮೆರಾ ತಿರುಗಿಸಿ, ಎರಡು ಸೆಕೆಂಡಿನ ಟೈಮರ್ ಹಾಕಿ, ಹದಿನೆಂಟು ಸೆಕೆಂಡು ತೆರೆದಿಟ್ಟೆ. ಬಾಯಲ್ಲೇ ಎಣಿಸಿದೆ. ಪರದೆ ಬೆಳಗಿತು.

ಮಾಳಿಗೆಯ ಮೇಲೆ ಮಲಗಿ ನೋಡಿದ್ದೇ ಅದು. ನಡುವೆ ಕಪ್ಪು ಸೀಳು, ಎರಡು ಕಡೆ ಬೆಳ್ಳಗಿನ ಹೊಗೆ, ದಿಬ್ಬದ ನೆತ್ತಿಯಿಂದ ಎದ್ದು ಮೇಲೆ ಹೋಗಿತ್ತು. ನಾನು ಪರದೆ ನೋಡಿದೆ, ತಲೆಯೆತ್ತಿ ಬರಿ ಕತ್ತಲು ನೋಡಿದೆ, ಮತ್ತೆ ಪರದೆ ನೋಡಿದೆ. “ಇಷ್ಟೇ ಚೆನ್ನಾಗಿ ಕಾಣ್ತಿದೆಯಾ ನಿನಗೆ?” ಎಂದು ಇವಳನ್ನು ಕೇಳಿದೆ. “ಇಷ್ಟು ಬಣ್ಣ ಇಲ್ಲ, ಆದ್ರೆ ಇದಕ್ಕಿಂತ ದೊಡ್ಡದಾಗಿದೆ” ಎಂದಳು. ಆಮೇಲೆ ನನ್ನ ಪಕ್ಕ ಕುಳಿತು, ಕಂಬಳಿಯ ಅರ್ಧ ನನಗೆ ಹೊದಿಸಿ, ಬೆಳಕು ಹರಿಯುವವರೆಗೆ ಎಲ್ಲೆಲ್ಲಿ ಏನೇನಿದೆ ಎಂದು ಹೇಳುತ್ತ ಹೋದಳು. ಸೂರ್ಯನಿಗೆ ಸ್ವಲ್ಪ ಮುಂಚೆ ಎಳೆಯಂಥ ಚಂದ್ರ ಹುಟ್ಟಿದ. ಅವನು ನನಗೂ ಕಂಡ.

ಬೆಳಿಗ್ಗೆ ದಿಬ್ಬದ ಮೇಲೆ ನೋಡಿದರೆ ರಾತ್ರಿಯೆಲ್ಲ ನಾವು ಒಂಟಿಯಾಗಿರಲಿಲ್ಲ. ನರಿಯ ಹೆಜ್ಜೆ, ಇಲಿಯ ಹೆಜ್ಜೆ, ಜೀರುಂಡೆಯೊಂದು ಹೊಲಿಗೆ ಹಾಕಿದಂತೆ ನಡೆದು ಹೋದ ಗುರುತು. ದಕ್ಷಿಣ ಆಫ್ರಿಕಾದ ಒಂದು ಜಾತಿಯ ಸಗಣಿಹುಳು ಆಕಾಶಗಂಗೆಯ ಬೆಳಕಿನ ಪಟ್ಟಿ ನೋಡಿಕೊಂಡು ನೇರ ದಾರಿ ಹಿಡಿಯುತ್ತದೆ ಎಂದು 2013ರಲ್ಲಿ ವಿಜ್ಞಾನಿಗಳು ತೋರಿಸಿದ್ದಾರೆ. ಹುಳುವಿಗೆ ಕಂಡದ್ದು ನನಗೆ ಕಾಣಲಿಲ್ಲವಲ್ಲ ಎಂದು ನಕ್ಕೆ.

ಊರಿಗೆ ಬಂದ ಮೇಲೆ ಮೊಮ್ಮಗ ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿ ನೋಡಿದ. ನರಿಗೆ ನೂರಕ್ಕೆ ಎಂಬತ್ತು ಅಂಕ ಕೊಟ್ಟ. ಧ್ರುವನ ಸುತ್ತ ತೆಗೆದ ಫೋಟೊಗಳನ್ನೆಲ್ಲ ಒಂದರ ಮೇಲೊಂದು ಜೋಡಿಸಿದ. ಗ್ರಾಮಫೋನ್ ತಟ್ಟೆಯ ಗೆರೆಗಳ ಹಾಗೆ ನಕ್ಷತ್ರಗಳೆಲ್ಲ ಸುತ್ತು ಬಂದಿವೆ, ನಡುವೆ ಧ್ರುವ ಹೆಚ್ಚುಕಡಿಮೆ ಕದಲದೆ ಕುಳಿತಿದ್ದಾನೆ. ಪ್ರತಿ ಗೆರೆಯೂ 30 ಡಿಗ್ರಿ, ಎರಡು ಗಂಟೆಗೆ ಸರಿಯಾಗಿ. ಲೆಕ್ಕ ಹೊಂದಿತು. ದಿಗಂತದಲ್ಲಿ ಸಾಲಾಗಿ ಕೆಂಪು ಚುಕ್ಕೆಗಳಿದ್ದವು, ಅವು ಮಾತ್ರ ಗೆರೆಯಾಗದೆ ಚುಕ್ಕೆಯಾಗಿಯೇ ಉಳಿದಿದ್ದವು.

“ಅಜ್ಜ, ಇವ್ಯಾವ ನಕ್ಷತ್ರ?”

“ಗಾಳಿಯಂತ್ರದ ತಲೆ ಮೇಲಿನ ದೀಪ ಕಣಪ್ಪ.”

ಎರೆಭೂತದ ಫೋಟೊಗಳಲ್ಲಿ ಒಂದೂ ಸರಿಯಿಲ್ಲ. ಕೊನೆಯದರಲ್ಲಿ ಹಕ್ಕಿ ಮಸುಕಾಗಿದೆ, ಅದರ ಮುಂದೆ ಮೂರು ತಂತಿ ಸ್ಪಷ್ಟವಾಗಿವೆ. ತಂತಿಗಳನ್ನು ಅಳಿಸಿಬಿಡಬಹುದು ಎಂದ ಮೊಮ್ಮಗ. ಆ ದಿನ ನಡೆದದ್ದನ್ನು ನಾನು ಅವನಿಗೆ ಹೇಳಿರಲಿಲ್ಲ. ಆಗ ಹೇಳಿದೆ, ಇಳಿದದ್ದೂ ಸೇರಿ. ಅವನು ಏನೂ ಅನ್ನದೆ ಫೋಟೊವನ್ನು ಹಾಗೆಯೇ ಉಳಿಸಿದ.

ಅವತ್ತು ರಾತ್ರಿ ಊಟವಾದ ಮೇಲೆ ಇಬ್ಬರೂ ತಾರಸಿಗೆ ಹೋದೆವು. ಬೀದಿದೀಪ, ಪಕ್ಕದ ಮನೆಯ ನೀರಿನ ಟ್ಯಾಂಕು, ಅದರಾಚೆ ಉತ್ತರ. ಅವನು ಬಹಳ ಹೊತ್ತು ಹುಡುಕಿ ಸಿಕ್ಕಿತು ಎಂದ. ನನಗೆ ಏನೂ ಕಾಣಲಿಲ್ಲ. ನನ್ನ ಬಲಗೈ ಹಿಡಿದು ಮುಂದಕ್ಕೆ ಚಾಚಿಸಿ, ಮುಷ್ಟಿ ಕಟ್ಟಿಸಿ, ದಿಗಂತದ ಅಂದಾಜಿಗೆ ಇಟ್ಟ. ಅದರ ಮೇಲೆ ತನ್ನ ಮುಷ್ಟಿ ಇಟ್ಟು ಒಂದು ಕಣ್ಣು ಮುಚ್ಚಿದ.

“ಒಂದೂವರೆ ಅಜ್ಜ” ಎಂದ. “ಕರೆಕ್ಟಾಗಿದೆ.”